ಮೂರನೆಯ ತೊಟ್ಟಿ

ಜನವರಿ 9

ಲೇಖಕಿಯವರಿಗೆ ನಮಸ್ಕಾರ.

ರೋಮಿನ ಬಟ್ಟೆ ತೊಳೆಯುವವರನ್ನು ಕುರಿತ ನಿಮ್ಮ ಕಾದಂಬರಿ, ಏಳು ನೋಟ್‌ಬುಕ್‌ಗಳಲ್ಲಿ, ನಮ್ಮ ಪ್ರಕಾಶನಕ್ಕೆ ತಲುಪಿದೆ. ನಾನು ಇಲ್ಲಿ ಪರಿಶೀಲಕ. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದ ಮೇಲೆ ಈ ಕೆಲಸ ಹಿಡಿದಿದ್ದೇನೆ. ಚರಿತ್ರೆಯ ಕಥೆ ಯಾವುದು ಬಂದರೂ ಮೊದಲು ನನ್ನ ಮೇಜಿಗೆ ಬರುತ್ತದೆ.

ನಮ್ಮಲ್ಲೊಂದು ಪದ್ಧತಿ ಇದೆ. ಎರಡು ವರ್ಷದ ಹಿಂದೆ ಅಚ್ಚು ಹಾಕಿದ ಒಂದು ಕಾದಂಬರಿ ಬೇರೆ ಭಾಷೆಯ ಪುಸ್ತಕದಿಂದ ಪುಟಪುಟವೇ ಎತ್ತಿದ್ದು ಎಂದು ಗೊತ್ತಾಗಿ ನಮ್ಮ ಮಾಲೀಕರು ನಾಲ್ಕು ಜನರ ಮುಂದೆ ತಲೆ ಎತ್ತದಂತಾಯಿತು. ಅಂದಿನಿಂದ ಆಧಾರ ಪಟ್ಟಿ ಇಲ್ಲದೆ ಯಾವ ಚರಿತ್ರೆಯ ಕಥೆಯೂ ಅಚ್ಚಿಗೆ ಹೋಗುವುದಿಲ್ಲ. ನಾನು ಪ್ರಶ್ನೆ ಕಳಿಸುತ್ತೇನೆ. ಲೇಖಕರು ಪ್ರತಿಯೊಂದರ ಮುಂದೆ ಪುಸ್ತಕದ ಹೆಸರು, ಪುಟ ಸಂಖ್ಯೆ ಬರೆದು ಕಳಿಸಬೇಕು. ನಿಮಗೆ ಹದಿನೇಳು ಪ್ರಶ್ನೆಗಳಿವೆ, ಪಟ್ಟಿ ಜೊತೆಗಿದೆ. ಮೂರನ್ನು ಇಲ್ಲೇ ಕೇಳುತ್ತೇನೆ.

ನಾಲ್ಕನೆಯದು. ನಿಮ್ಮ ಗುಲಾಮ ಹುಡುಗಿ ತೊಟ್ಟಿಯಲ್ಲಿ ನಿಂತು, ಚುನಾವಣೆಗೆ ನಿಂತ ದೊಡ್ಡ ಮನುಷ್ಯನ ಉಣ್ಣೆಯ ನಿಲುವಂಗಿ ತುಳಿಯುತ್ತಾಳೆ. ಅದರಲ್ಲಿ ಹೋಗದ ರಕ್ತದ ಕಲೆ ಕಾಣುತ್ತಾಳೆ. ಕಥೆ ಚೆನ್ನಾಗಿದೆ. ಆದರೆ ನೀರಿಗೆ ಅವಳು ಸಾಬೂನು ಹಾಕುತ್ತಾಳೆ. ರೋಮಿನ ತೊಳೆಯುವವರು ಜಿಡ್ಡು ಬಿಡಿಸಲು ಬಳಸುತ್ತಿದ್ದುದು ಹಳಸಿದ ಮೂತ್ರ. ರೋಮಿನ ಬಗ್ಗೆ ಒಂದೇ ಒಂದು ಪುಸ್ತಕ ಓದಿದವರಿಗೂ ಇದು ಗೊತ್ತು.

ಒಂಬತ್ತನೆಯದು. ಬೆತ್ತದ ಪಂಜರದ ಮೇಲೆ ಉಣ್ಣೆ ಹರಡಿ ಕೆಳಗೆ ಗಂಧಕ ಸುಟ್ಟು ಬಿಳುಪು ಮಾಡುವುದನ್ನು ಬರೆದಿದ್ದೀರಿ. ಸರಿ. ಆದರೆ ಉಣ್ಣೆ ಅರ್ಧ ಹಸಿ ಇರಬೇಕು, ಪೂರ್ತಿ ಒಣಗಿದ್ದರೆ ಹೊಗೆ ಹಿಡಿಯುವುದಿಲ್ಲ ಎಂದೂ ಬರೆದಿದ್ದೀರಿ. ನಾನು ಓದಿದ ಪುಸ್ತಕಗಳಲ್ಲಿ ಇದು ಎಲ್ಲೂ ಇಲ್ಲ.

ಹನ್ನೊಂದನೆಯದು. ತೊಟ್ಟಿಗಳ ನಡುವಿನ ಗಿಡ್ಡ ಗೋಡೆಗಳು ತುಳಿಯುವವರು ಕೈ ಊರಿಕೊಳ್ಳಲು ಎನ್ನುತ್ತೀರಿ. ನಮ್ಮ ಭಾಷೆಯಲ್ಲಿ ಈ ವಿಷಯಕ್ಕಿರುವ ಒಂದೇ ಪುಸ್ತಕ ಹೇಳುವುದು ಬೇರೆ: ಒಂದು ಮನೆಯ ಬಟ್ಟೆಯ ನೀರು ಇನ್ನೊಂದರ ಜೊತೆ ಬೆರೆಯದಿರಲಿ ಎಂದು.

ಐದನೆಯ ತರಗತಿ ತನಕ ಓದಿದ್ದೇನೆ ಎಂದು ಪರಿಚಯದಲ್ಲಿ ಬರೆದಿದ್ದೀರಿ. ಅದು ತಪ್ಪಲ್ಲ. ಆದರೆ ಎಲ್ಲರಿಗೂ ಗೊತ್ತಿರುವುದು ಗೊತ್ತಿಲ್ಲದೆ, ಯಾರಿಗೂ ಗೊತ್ತಿಲ್ಲದ್ದು ಮಾತ್ರ ಗೊತ್ತಿರುವ ಲೇಖಕಿಯನ್ನು ನಾನು ನೋಡುತ್ತಿರುವುದು ಇದೇ ಮೊದಲು.

ಮೇ ಕೊನೆಗೆ ಈ ವರ್ಷದ ಪಟ್ಟಿ ಮುಚ್ಚುತ್ತದೆ.

ಇತಿ,
ಪರಿಶೀಲಕ


ಜನವರಿ 28

ಪೂಜ್ಯರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಬೇಗ ಬರೆಯಲಾಗಲಿಲ್ಲ, ಕ್ಷಮಿಸಿ. ನನ್ನ ಬರಹವನ್ನು ಇಷ್ಟು ಗಮನ ಇಟ್ಟು ಓದಿದವರು ನೀವೇ ಮೊದಲಿಗರು. ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

ಹದಿನಾಲ್ಕು ಪ್ರಶ್ನೆಗಳಿಗೆ ಪುಸ್ತಕದ ಹೆಸರು, ಪುಟ ಬರೆದಿದ್ದೇನೆ. ಎಲ್ಲ ನಮ್ಮ ಬೀದಿಯ ಲೈಬ್ರರಿಯವೇ. ಅಲ್ಲಿಯ ಮೇಡಂ ಪುಸ್ತಕ ಮನೆಗೆ ಕೊಡುವುದಿಲ್ಲ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಓದಲು ಬಿಡುತ್ತಾರೆ. ನಾಲ್ಕು ವರ್ಷ ಹಾಗೇ ಓದಿದೆ.

ಉಳಿದ ಮೂರು. ಒಂಬತ್ತನೆಯದಕ್ಕೆ ‘ರೋಮಿನ ತೊಳೆಯುವವರು’, ಎರಡನೆಯ ಭಾಗ, ಪುಟ 87. ಹನ್ನೊಂದನೆಯದಕ್ಕೂ ಅದೇ ಪುಸ್ತಕ, ಪುಟ 114. ನಾಲ್ಕನೆಯದು, ಸಾಬೂನು, ಸುಮ್ಮನೆ ಹಾಕಿದೆ. ಕಥೆಯಲ್ಲವೇ, ಸ್ವಲ್ಪ ಚೊಕ್ಕಟವಾಗಿರಲಿ ಅನ್ನಿಸಿತು.

ಒಂದು ಮಾತು. ಆ ಏಳು ನೋಟ್‌ಬುಕ್‌ಗಳಿಗೆ ಬೇರೆ ನಕಲಿಲ್ಲ. ದಯವಿಟ್ಟು ಜೋಪಾನ.

ಕಾಗದವನ್ನು ಅಂಗಡಿಯ ವಿಳಾಸಕ್ಕೇ ಬರೆಯಿರಿ. ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ.

ಇತಿ ನಮಸ್ಕಾರಗಳೊಂದಿಗೆ,
ಲೇಖಕಿ


ಫೆಬ್ರವರಿ 14

ಲೇಖಕಿಯವರಿಗೆ.

ನೀವು ಕೊಟ್ಟ ಹದಿನಾಲ್ಕು ಪುಟಗಳನ್ನೂ ತೆಗೆದು ನೋಡಿದೆ. ಎಲ್ಲ ಸರಿಯಾಗಿವೆ. ಅದಕ್ಕೇ ಉಳಿದದ್ದು ನನ್ನನ್ನು ಹೆಚ್ಚು ಕಾಡುತ್ತಿದೆ.

‘ರೋಮಿನ ತೊಳೆಯುವವರು’ ಎಂಬ ಪುಸ್ತಕ ಲೋಕದಲ್ಲಿ ಇಲ್ಲ. ಎರಡನೆಯ ಭಾಗವೂ ಇಲ್ಲ, ಮೊದಲನೆಯ ಭಾಗವೂ ಇಲ್ಲ. ಇಲ್ಲಿಯ ಎರಡು ದೊಡ್ಡ ಗ್ರಂಥಾಲಯಗಳಲ್ಲಿ ಹುಡುಕಿಸಿದೆ. ಗ್ರಂಥಪಾಲಕರು ಹೆಸರು ಕೇಳಿ ನನ್ನನ್ನೇ ಒಂಥರಾ ನೋಡಿದರು.

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಕಾದಂಬರಿ ಬರೆದವರು ಯಾರು? ಬಲ್ಲವರೊಬ್ಬರು ಬರೆದು ನಿಮ್ಮ ಕೈಯಲ್ಲಿ ಪ್ರತಿ ಮಾಡಿಸಿದ್ದಾರೆಯೇ? ಅಥವಾ ಬೇರೆ ಭಾಷೆಯ ಪುಸ್ತಕ ನಿಮಗೆ ಯಾರಾದರೂ ಓದಿ ಹೇಳಿದ್ದಾರೆಯೇ? ಹಸಿ ಉಣ್ಣೆ, ಹೊಗೆ, ತುಳಿಯುವವರ ಕಾಲ್ಬೆರಳ ಸಂದಿಯ ಬಿರುಕು, ಇಷ್ಟನ್ನು ಬಲ್ಲವರು ಸಾಬೂನಿನ ತಪ್ಪು ಮಾಡುವುದಿಲ್ಲ. ಎರಡು ಕೈ ಸೇರಿ ಬರೆದಾಗ ಮಾತ್ರ ಹೀಗಾಗುತ್ತದೆ.

ಗೋಡೆಯ ವಿಷಯಕ್ಕೆ ನಿಜವಾದ ಆಧಾರ ಏನಿದ್ದರೂ ತಿಳಿಸಿ. ಅದೊಂದು ನನಗೆ ಮುಖ್ಯವಾಗಿ ಬೇಕು.

ಪರಿಶೀಲಕ


ಮಾರ್ಚ್ 3

ಪೂಜ್ಯರಿಗೆ ನಮಸ್ಕಾರಗಳು.

ಆ ಪುಸ್ತಕ ಇಲ್ಲ. ನಾನೇ ಕಟ್ಟಿದ ಸುಳ್ಳು. 87 ನಾನು ದಿನಾ ಬರುವ ಬಸ್ಸಿನ ನಂಬರು. 114 ಅವತ್ತು ನನ್ನ ಮುಂದಿದ್ದ ಕಂಬಳಿಯ ಮೂಲೆಗೆ ಹೊಲಿದಿದ್ದ ಚೀಟಿಯ ನಂಬರು. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗಿದೆ.

ನಮ್ಮದು ಉಣ್ಣೆಯ ಕಂಬಳಿ ತೊಳೆಯುವ ಅಂಗಡಿ, ದೊಡ್ಡಪ್ಪನದು. ಹಾಸ್ಟೆಲ್ಲು, ಲಾಡ್ಜುಗಳ ದಪ್ಪ ಕಂಬಳಿ ಯಂತ್ರಕ್ಕೆ ಹಾಕಿದರೆ ಮುದುರಿ ಹಲಗೆಯಂತಾಗುತ್ತವೆ. ಅದಕ್ಕೆ ಕಾಲಲ್ಲೇ ತುಳಿಯಬೇಕು. ಸಾಲಾಗಿ ನಾಲ್ಕು ಸಿಮೆಂಟ್ ತೊಟ್ಟಿ. ಮೂರನೆಯದು ನನ್ನದು, ಹನ್ನೊಂದನೆಯ ವಯಸ್ಸಿನಿಂದ. ಈಗ ನನಗೆ ಇಪ್ಪತ್ತನಾಲ್ಕು. ಹಳದಿಗಟ್ಟಿದ ಬಿಳಿ ಕಂಬಳಿಗಳನ್ನು ಹಿಂದಿನ ಕೋಣೆಯಲ್ಲಿ ಬೆತ್ತದ ಚೌಕಟ್ಟಿನ ಮೇಲೆ ಹಾಕಿ ಗಂಧಕ ಸುಡುತ್ತೇವೆ. ಒಣಗಿದ ಉಣ್ಣೆ ಹೊಗೆ ಹಿಡಿಯುವುದಿಲ್ಲ.

ಲೈಬ್ರರಿಯಲ್ಲಿ ಒಂದು ಸಲ ಚಿತ್ರವೊಂದು ಕಂಡಿತು. ರೋಮಿನ ಕಾಲದ್ದು. ತೊಟ್ಟಿಯಲ್ಲಿ ಒಬ್ಬರು ನಿಂತಿದ್ದಾರೆ, ಮೊಣಕಾಲ ತನಕ ಬಟ್ಟೆ ಎತ್ತಿಕೊಂಡು. ನಾವು ನಿಲ್ಲುವ ಹಾಗೆಯೇ. ನನಗೆ ಅಳು ಬಂತು. ಮೇಡಂ ಬಂದು ಪುಟ ಒದ್ದೆ ಮಾಡಬೇಡ ಅಂದರು. ಅವತ್ತಿನಿಂದ ರೋಮಿನ ಪುಸ್ತಕ ಇರುವಷ್ಟೂ ಓದಿದೆ.

ಗೋಡೆಯ ವಿಷಯ. ನೆನೆದ ಉಣ್ಣೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕೆಳಗೆ ನೆಲ ಲೋಳೆಯಾಗಿರುತ್ತದೆ. ಎರಡೂ ಪಕ್ಕದ ಗೋಡೆಗೆ ಕೈ ಕೊಟ್ಟು ಮೈಭಾರ ಎತ್ತಿ ಎತ್ತಿ ಹಾಕಿದರೆ ಮಾತ್ರ ಮಧ್ಯಾಹ್ನದ ತನಕ ತುಳಿಯಬಹುದು. ನೀರು ಬೆರೆಯದಿರಲಿ ಎಂದು ಬರೆದಿರುವ ಆ ಪುಸ್ತಕ ನಮ್ಮ ಲೈಬ್ರರಿಯಲ್ಲೂ ಇದೆ. ರಟ್ಟು, ಮೊದಲ ಪುಟಗಳು ಹೋಗಿವೆ, ಬರೆದವರು ಯಾರೋ ತಿಳಿಯದು. ಯಾರೇ ಆಗಲಿ, ಒಂದು ದಿನವೂ ತೊಟ್ಟಿಗೆ ಇಳಿದವರಲ್ಲ.

ಆಧಾರ ಅಂದರೆ ಪುಸ್ತಕ ಅಂತ ನೀವು ಬರೆದಿರಿ. ಕಾಲು ಅಂತ ಬರೆದರೆ ನಗುತ್ತೀರಿ ಅಂದುಕೊಂಡೆ. ಸಾಬೂನಿನ ವಿಷಯ ಬಿಟ್ಟುಬಿಡಿ.

ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ನಿಮ್ಮ ಪ್ರಶ್ನೆಗಳನ್ನು ಓದಿ ಹೇಳಿದೆ. ಅಂಗಡಿಯ ಗಲ್ಲಾದ ಮುಂದೆ ಕೂರುವುದು, ನಮ್ಮನ್ನೆಲ್ಲ ಬೈಯುವುದು ಅವರ ಕೆಲಸ. ಅವರು ಹೇಳಿದ್ದು ಇದು: “ಕಂಬಳಿ ಹಿಂಡಿದ ಹಾಗೆ ಹಿಂಡ್ತಾ ಇದಾರೆ ನಿನ್ನ. ನೀರೆಲ್ಲ ಇಳಿದ ಮೇಲೆ ಅವರೇ ಬರ್ಕೊತಾರೆ ನೋಡ್ತಿರು.” ಹಾಗೆಲ್ಲ ಇಲ್ಲ ಅತ್ತೆ ಅಂದೆ. ಇಲ್ಲ ತಾನೇ?

ಲೇಖಕಿ


ಮಾರ್ಚ್ 27

ಪೂಜ್ಯರಿಗೆ.

ನಾನು ಬರೆದು ಇಪ್ಪತ್ತನಾಲ್ಕು ದಿನವಾಯಿತು. ಉತ್ತರವಿಲ್ಲ. ಹೋದ ಸಲ ಹದಿನೇಳು ದಿನಕ್ಕೆ ಬರೆದಿದ್ದಿರಿ. ಗೋಡೆಯ ವಿಷಯ ಮುಖ್ಯವಾಗಿ ಬೇಕು ಎಂದಿರಿ. ಅದು ಸಿಕ್ಕಿದ ಮೇಲೆ ಸುಮ್ಮನಾದಿರಿ. ನಾನು ತಪ್ಪು ತಿಳಿದಿದ್ದರೆ ಕ್ಷಮಿಸಿ. ಆದರೆ ನನ್ನ ನೋಟ್‌ಬುಕ್‌ಗಳನ್ನು ಒಂದು ಸಲ ವಾಪಸು ಕಳಿಸಿ. ನಕಲು ಮಾಡಿಕೊಂಡು ಮತ್ತೆ ಕೊಡುತ್ತೇನೆ.

ನಮ್ಮಲ್ಲಿ ಈಗ ಎಲ್ಲರಿಗೂ ಅನುಮಾನದ ರೋಗ ಹತ್ತಿದೆ. ಗಂಧಕದ ಹೊಗೆ ಬರುತ್ತದೆ ಎಂದು ಬೀದಿಯವರು ಅರ್ಜಿ ಹಾಕಿದ್ದಾರೆ. ಹೋದ ವಾರ, ಹತ್ತೊಂಬತ್ತಕ್ಕೆ, ವಯಸ್ಸಾದವರೊಬ್ಬರು ಕಂಬಳಿ ತಂದರು. ಹೆಸರು ಕೇಳಿದರೆ ‘ಮೇಷ್ಟ್ರು ಅಂತ ಬರ್ಕೊಳ್ಳಿ’ ಅಂದರಂತೆ. ಕಂಬಳಿ ಶುಭ್ರವಾಗಿತ್ತು! ತೊಳೆದ ಕಂಬಳಿಯನ್ನು ತೊಳೆಯಲು ತರುವವರು ಯಾರಿದ್ದಾರೆ? ಹಾಗೇ ಒಳಗೆ ಬಂದು ನಮ್ಮ ಕಾಲನ್ನೇ ನೋಡುತ್ತಾ ನಿಂತರು. ನನಗೆ ನಾಚಿಕೆಯಾಗಿ ಬೆನ್ನು ತಿರುಗಿಸಿದೆ. ತೊಟ್ಟಿಯ ಗೋಡೆ ಮುಟ್ಟಿ, “ಇದು ನೀರು ಬೆರೀಬಾರ್ದು ಅಂತ ತಾನೇ?” ಅಂತ ಅತ್ತೆಯನ್ನು ಕೇಳಿದರು. ಅತ್ತೆ, “ಹೌದು ಸ್ವಾಮಿ, ಅದಕ್ಕೇ” ಅಂದುಬಿಟ್ಟರು. ಅವರು ಹೋದ ಮೇಲೆ ನಾವೆಲ್ಲ ನಕ್ಕೆವು. ಅತ್ತೆ ಮಾತ್ರ ನಗದೆ, “ಹೌದು ಅಂದ್ರೆ ಬೇಗ ಹೋಗ್ತಾರೆ. ಅಲ್ಲ ಅಂದ್ರೆ ಕೂತ್ಕೊಂಡು ಬರ್ಕೊತಾರೆ. ಹೊಗೆ ಆಫೀಸಿನವರೇ ಅವರು” ಅಂದರು.

ಇರಲಿ. ನೋಟ್‌ಬುಕ್ ಕಳಿಸಿ.

ಲೇಖಕಿ


ಮಾರ್ಚ್ 28

ಲೇಖಕಿಯವರಿಗೆ.

ತಡವಾಗಿ ಬರೆಯುತ್ತಿದ್ದೇನೆ. ಬರೆಯುವ ಮುಂಚೆ ಖುದ್ದಾಗಿ ತಿಳಿಯಬೇಕಿತ್ತು.

ಹತ್ತೊಂಬತ್ತನೆಯ ತಾರೀಕು ನಾಲ್ಕು ಗಂಟೆಗಳ ಕಾಲ ರೈಲಿನಲ್ಲಿ ಕೂತು ನಿಮ್ಮ ಅಂಗಡಿಗೆ ಬಂದಿದ್ದೆ. ತೊಟ್ಟಿಗಳಿವೆ, ಗಂಧಕದ ಕೋಣೆಯೂ ಇದೆ. ಅಷ್ಟು ನಿಜ. ಆದರೆ ಇಲ್ಲಿ ಬರೆಯುವ ಹುಡುಗಿ ಯಾರು ಎಂದು ಗಲ್ಲಾದ ಹತ್ತಿರ ಕೇಳಿದಾಗ, ಅಲ್ಲಿದ್ದ ಹೆಂಗಸು ಕಣ್ಣು ಮಿಟುಕಿಸದೆ, ಇಲ್ಲಿ ಯಾರಿಗೂ ಸಹಿ ಹಾಕಲೂ ಬರುವುದಿಲ್ಲ ಎಂದರು. ಗೋಡೆಯ ಬಗ್ಗೆ ಕೇಳಿದ್ದಕ್ಕೆ, ನೀರು ಬೆರೆಯದಿರಲೆಂದೇ ಕಟ್ಟಿದ್ದು ಎಂದು ಒಪ್ಪಿಕೊಂಡರು.

ಅಂದರೆ ನಿಮ್ಮ ಮೊದಲ ಆಧಾರ ಇಲ್ಲದ ಪುಸ್ತಕ. ಎರಡನೆಯ ಆಧಾರ ಇಲ್ಲದ ಹುಡುಗಿ. ಕಂಬಳಿ ಅಂಗಡಿಯ ವಿಳಾಸವನ್ನು ಯಾರೋ ಜಾಣರು ಬಳಸುತ್ತಿದ್ದಾರೆ ಎಂದೇ ನಾನು ತಿಳಿಯಬೇಕಾಗಿದೆ. ಬರೆದವರು ಯಾರೆಂದು ಖಚಿತವಿಲ್ಲ ಎಂದು ಏಪ್ರಿಲ್ ಕೊನೆಗೆ ಮಾಲೀಕರಿಗೆ ವರದಿ ಕೊಡುತ್ತೇನೆ. ನೋಟ್‌ಬುಕ್‌ಗಳನ್ನು ಬರೆದವರು ಖುದ್ದಾಗಿ ಬಂದು ಕೇಳಿದರೆ ಕೊಡುತ್ತೇನೆ.

ಪರಿಶೀಲಕ


ಏಪ್ರಿಲ್ 4

ಮೇಷ್ಟ್ರೇ,

ಹೀಗೆ ಕರೆಯಬಹುದಲ್ಲ? ನೀವೇ ಹಾಗೆ ಬರೆಸಿದಿರಿ. ನನ್ನ ಹೋದ ಕಾಗದ ನಿಮಗೆ ತಲುಪುವ ಮೊದಲೇ ನಿಮ್ಮದು ಹೊರಟಿರಬೇಕು.

ನಿಮ್ಮ ಕಂಬಳಿ ಬೂದು ಬಣ್ಣದ್ದು, ಎರಡು ಕಡೆ ಕಪ್ಪು ಅಂಚು. ಬಲಮೂಲೆಯಲ್ಲಿ ಉಗುರಿನಷ್ಟು ಶಾಯಿಯ ಕಲೆ. ಅದನ್ನು ನೀವು ನಿಂಬೆಹಣ್ಣಿನಲ್ಲಿ ಉಜ್ಜಿದ್ದೀರಿ, ಅದಕ್ಕೇ ಸುತ್ತ ಬಣ್ಣ ಬಿಟ್ಟಿದೆ. ಮಧ್ಯಕ್ಕಿಂತ ಒಂದು ಅಂಚು ಹೆಚ್ಚು ಸವೆದಿದೆ: ನೀವು ಹೊದೆಯುವುದಿಲ್ಲ, ಕುರ್ಚಿಯಲ್ಲಿ ಕೂತು ಮಡಿಲ ಮೇಲೆ ಹಾಕಿಕೊಳ್ಳುತ್ತೀರಿ. ನಿಮ್ಮ ಕಂಬಳಿ ತುಳಿದವಳು ನಾನು. ನೀವು ಗೋಡೆ ಮುಟ್ಟಿದಾಗ ಮೂರನೆಯ ತೊಟ್ಟಿಯಲ್ಲಿ ಬೆನ್ನು ತಿರುಗಿಸಿದವಳೂ ನಾನೇ. ನೀವು ನನ್ನ ಕಾಲು ನೋಡಿದಿರಿ, ಮುಖ ನೋಡಲಿಲ್ಲ.

ಅತ್ತೆಯನ್ನು ಕೇಳಿದೆ.

“ಆ ಮೇಷ್ಟ್ರು ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ ಅತ್ತೆ?”

“ಬರೆಯೋ ಹುಡುಗಿ ಯಾರು ಅಂದ್ರು. ಹೊಗೆ ವಿಷಯಕ್ಕೆ ಹೇಳಿಕೆ ಬರೆಸ್ಕೊಳ್ಳೋಕೆ ಬಂದಿದಾರೆ ಅಂದ್ಕೊಂಡೆ. ಇಲ್ಲಿ ಯಾರಿಗೂ ಸಹಿ ಹಾಕೋಕೂ ಬರಲ್ಲ ಅಂದೆ.”

“ಅವರು ನನ್ನ ಪುಸ್ತಕದವರು.”

ಅತ್ತೆ, “ಪುಸ್ತಕದವರು ಪುಸ್ತಕ ತರ್ಬೇಕಪ್ಪ, ಕಂಬಳಿ ಯಾಕೆ ತರ್ತಾರೆ?” ಅಂದರು. ಆಮೇಲೆ ಅವರು ಮಧ್ಯಾಹ್ನ ಊಟ ಮಾಡಲಿಲ್ಲ.

ಪುಸ್ತಕದಲ್ಲಿದ್ದುದನ್ನೇ ಕೇಳಿದಿರಿ, ಹೆದರಿದವರು ಹೌದು ಅಂದರು, ಅದು ನಿಮಗೆ ಆಧಾರವಾಯಿತು. ನಾನು ನಿಜ ಬರೆದೆ, ಅದು ಆಗಲಿಲ್ಲ.

ನಾಲ್ಕನೆಯ ಪ್ರಶ್ನೆಗೂ ಉತ್ತರ ಬರೆಯುತ್ತೇನೆ. ಮೂತ್ರದ ವಿಷಯ ನನಗೆ ಮೊದಲಿನಿಂದ ಗೊತ್ತು. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಎರಡು ಸ್ಟಾಪು ಕಳೆಯುವುದರೊಳಗೆ ಎದ್ದು ಹಿಂದಕ್ಕೆ ಹೋಗುತ್ತಾರೆ. ಹಸಿ ಉಣ್ಣೆ, ಗಂಧಕ. ಎಷ್ಟು ತೊಳೆದುಕೊಂಡರೂ ಕೂದಲಿನಲ್ಲಿ ಉಳಿಯುತ್ತದೆ. ಆಗ ದೊಡ್ಡಪ್ಪನ ಮನೆಯೇ ನಮ್ಮ ಮನೆ, ಹಿಂದಿನ ಕೋಣೆ ಗಂಧಕದ್ದು. ಶಾಲೆಯಲ್ಲಿ ನನ್ನನ್ನು ‘ಹೊಗೆ’ ಅಂತ ಕರೆಯುತ್ತಿದ್ದರು. ಶಾಲೆ ಬಿಟ್ಟದ್ದು ಅದಕ್ಕೇ; ಮನೆಯಲ್ಲಿ ಬೇರೆ ಕಾರಣ ಹೇಳಿದೆ. ಎರಡು ಸಾವಿರ ವರ್ಷದ ಹಿಂದಿನ ಆ ಹುಡುಗಿಯಾದರೂ ಒಳ್ಳೆಯ ವಾಸನೆ ಬರಲಿ ಅಂತ ಸಾಬೂನು ಕೊಟ್ಟೆ. ಅದು ಎರಡು ಕೈಯ ಕೆಲಸ ಅಲ್ಲ.

ನಿಮ್ಮ ಕಂಬಳಿ ತೊಳೆದು ಮಡಿಸಿ ಇಟ್ಟಿದ್ದೇನೆ. ಕೊಡುವುದಿಲ್ಲ. ನನ್ನ ನೋಟ್‌ಬುಕ್ ಬಂದ ಮೇಲೆ ಕೊಡುತ್ತೇನೆ. ಇನ್ನೂ ಅನುಮಾನವಿದ್ದರೆ ಬನ್ನಿ, ಚಪ್ಪಲಿ ಬಿಟ್ಟು ಮೂರನೆಯ ತೊಟ್ಟಿಯಲ್ಲಿ ಹತ್ತು ಹೆಜ್ಜೆ ಹಾಕಿ. ಆಮೇಲೆ ವರದಿ ಬರೆಯಿರಿ.

ಹೊಗೆ


ಏಪ್ರಿಲ್ 19

ಲೇಖಕಿಯವರಿಗೆ ನಮಸ್ಕಾರ.

ಹದಿನೈದನೆಯ ತಾರೀಕು ನಾನು ಬಂದದ್ದು ನಿಮಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಬರಹದಲ್ಲಿ ಇರಲಿ ಎಂದು.

ಪ್ಯಾಂಟು ಮಡಿಸಿ ತೊಟ್ಟಿಗೆ ಇಳಿದೆ. ಮೊದಲ ಹೆಜ್ಜೆ, ಎರಡನೆಯ ಹೆಜ್ಜೆ. ಮೂರನೆಯದಕ್ಕೆ ಕಾಲು ಜಾರಿತು. ಕಣ್ಣು ಬಿಟ್ಟು ನೋಡಿದರೆ ನನ್ನ ಎರಡೂ ಕೈ ಗೋಡೆಯ ಮೇಲಿದ್ದವು. ನಾನು ಹಿಡಿದದ್ದಲ್ಲ, ಅವೇ ಹಿಡಿದದ್ದು. ಅಂಗೈ ಕೆಳಗೆ ಸಿಮೆಂಟು ನುಣ್ಣಗಿತ್ತು, ಎಷ್ಟೋ ವರ್ಷದ ಕೈಗಳಿಂದ. ನಿಮ್ಮ ಅತ್ತೆ ಗಲ್ಲಾದಿಂದಲೇ ಕೇಳಿದರು: “ನೀರು ಬೆರೀತಾ ಮೇಷ್ಟ್ರೇ?” ಎಲ್ಲರೂ ನಕ್ಕರು. ನೀವು ನಗದೆ ಟವೆಲ್ ಕೊಟ್ಟಿರಿ. ಅದು ನನಗೆ ಹೆಚ್ಚು ಚುಚ್ಚಿತು.

ಈಗ ನಾನು ಮುಚ್ಚಿಟ್ಟದ್ದು. ರಟ್ಟು ಹೋದ ಆ ಪುಸ್ತಕ ಬರೆದವನು ನಾನು. ಇಪ್ಪತ್ತೆಂಟು ವರ್ಷದ ಹಿಂದೆ, ಮೇಜಿನ ಮುಂದೆ, ಮಡಿಲ ಮೇಲೆ ಕಂಬಳಿ ಹಾಕಿಕೊಂಡು. ಗೋಡೆ ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆಯಲು ಸಂಕೋಚವಾಗಿ, ಹೊಳೆದದ್ದನ್ನು ಬರೆದೆ. ನಿಮ್ಮಂತೆ ಸುಳ್ಳು ಪುಸ್ತಕದ ಹೆಸರನ್ನೂ ಕೊಡಲಿಲ್ಲ. ಯಾರೂ ಕೇಳಲೇ ಇಲ್ಲ.

ಇನ್ನೂ ಇದೆ. ಅದು ಈ ವರ್ಷ ಮರುಮುದ್ರಣವಾಗುತ್ತಿದೆ. ನಿಮ್ಮ ಮೂರನೆಯ ನೋಟ್‌ಬುಕ್ ಓದಿದ ದಿನವೇ ನೀವು ಸರಿ, ನಾನು ತಪ್ಪು ಎಂದು ಒಳಗೇ ಅನ್ನಿಸಿತ್ತು. ತೊಟ್ಟಿಯ ನಾಲ್ಕು ಪುಟ, ಹೊಗೆಯ ಎರಡು ಪುಟ ನನ್ನ ಕೈಯಲ್ಲಿ ನಕಲು ಮಾಡಿಕೊಂಡೆ. ನಿಮ್ಮ ಹಿಂದೆ ದೊಡ್ಡ ಪುಸ್ತಕವೊಂದು ಇದ್ದರೆ ಅದರ ಹೆಸರು ಹಾಕಿ ನನ್ನದನ್ನು ತಿದ್ದಬಹುದಿತ್ತು. ಐದನೆಯ ತರಗತಿಯ ಹುಡುಗಿಯ ಹೆಸರು ಹಾಕಿ ತಿದ್ದುವುದು ನನ್ನಿಂದಾಗುತ್ತಿರಲಿಲ್ಲ. ಅದಕ್ಕೇ ಆಧಾರ, ಆಧಾರ ಎಂದು ಪೀಡಿಸಿದೆ. ಅಂಥ ಹುಡುಗಿಯೇ ಇಲ್ಲ ಎಂದು ಅಂಗಡಿಯಲ್ಲಿ ಕೇಳಿದಾಗ ಒಂದು ಗಳಿಗೆ ನೆಮ್ಮದಿಯೂ ಆಯಿತು. ನಿಮ್ಮ ಅತ್ತೆಯ ಅನುಮಾನ ಪೂರ್ತಿ ಸುಳ್ಳಲ್ಲ.

ಮಾಲೀಕರಿಗೆ ವರದಿ ಕೊಟ್ಟೆ. ಬರೆದವರನ್ನು ಕಣ್ಣಾರೆ ನೋಡಿದ್ದೇನೆ, ಅಚ್ಚಿಗೆ ಹಾಕಬಹುದು ಎಂದು. ಹನ್ನೊಂದನೆಯ ಪ್ರಶ್ನೆಯ ಮುಂದೆ ಬರೆದದ್ದು ಇಷ್ಟು: ‘ಮೂರನೆಯ ತೊಟ್ಟಿ. ಪರಿಶೀಲಕ ಇಳಿದು ನೋಡಿದ್ದಾನೆ.’ ಆಧಾರ ಪಟ್ಟಿಯಲ್ಲಿ ಹೀಗೆ ಬರೆಯಬಹುದೇ ಎಂದು ಮಾಲೀಕರು ಕೇಳಿದರು. ಬರೆದಾಗಿದೆ ಎಂದೆ.

ನನ್ನ ಮರುಮುದ್ರಣದಲ್ಲಿ ಗೋಡೆಯ ಸಾಲು ತಿದ್ದಿ, ಯಾರಿಂದ ತಿಳಿಯಿತು ಎಂದು ಅಲ್ಲೇ ಬರೆಯುತ್ತೇನೆ, ನೀವು ಒಪ್ಪಿದರೆ. ಏಳು ನೋಟ್‌ಬುಕ್‌ಗಳನ್ನೂ, ನಾನು ಮಾಡಿಕೊಂಡ ಆರು ಪುಟದ ನಕಲನ್ನೂ ಇದರ ಜೊತೆ ಕಳಿಸಿದ್ದೇನೆ. ಸಾಬೂನಿನ ವಿಷಯ ನಿಮಗೇ ಬಿಟ್ಟದ್ದು. ಅದನ್ನು ತಪ್ಪು ಎಂದು ಗುರುತು ಹಾಕಿದ್ದೆ. ಈಗ ಗುರುತು ಅಳಿಸಿದ್ದೇನೆ.

ಮೇ ಕೊನೆಯೊಳಗೆ ನೋಟ್‌ಬುಕ್‌ಗಳು ಮರಳಿ ಬಂದರೆ ಸಾಕು.

ಮೇಷ್ಟ್ರು


ಮೇ 20

ಮೇಷ್ಟ್ರಿಗೆ ನಮಸ್ಕಾರಗಳು.

ನೋಟ್‌ಬುಕ್ ತಲುಪಿದವು. ಪುಟ ಎಣಿಸಿದೆ, ಎಲ್ಲ ಇವೆ. ಒಂದು ತಿಂಗಳು ಕೂತು ನಕಲು ಮಾಡಿದೆ. ನಕಲನ್ನು ಅತ್ತೆ ಗಲ್ಲಾದೊಳಗೆ ಬೀಗ ಹಾಕಿ ಇಟ್ಟಿದ್ದಾರೆ. ಈಗ ಮೂಲವನ್ನು ನಿಮಗೆ ಮರಳಿ ಕಳಿಸುತ್ತಿದ್ದೇನೆ, ಜೊತೆಗೆ ನಿಮ್ಮ ಕಂಬಳಿ. ಶಾಯಿಯ ಕಲೆ ಪೂರ್ತಿ ಹೋಗಿಲ್ಲ. ಇನ್ನು ಮುಂದೆ ನಿಂಬೆಹಣ್ಣು ಹಚ್ಚಬೇಡಿ, ತಣ್ಣೀರು ಸಾಕು.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಆರು ಪುಟದ ಮಾತು ಬಂದಾಗ ಅವರು ನನ್ನ ಮುಖ ನೋಡಿ, ಗಲ್ಲಾದ ಬೀಗವನ್ನು ಎಳೆದು ನೋಡಿದರು.

ಸಾಬೂನು ತೆಗೆದಿದ್ದೇನೆ. ಊರವರ ಮೂತ್ರಕ್ಕೆಂದು ಬೀದಿ ಮೂಲೆಯಲ್ಲಿ ಇಟ್ಟ ಮಡಕೆಗಳನ್ನು ತಂದು ತೊಟ್ಟಿಗೆ ಸುರಿಯುವ ಕಡೆ ಈ ಎರಡು ಸಾಲು ಸೇರಿಸಿದ್ದೇನೆ: ‘ಅವಳು ಇಳಿಯುವಾಗ ಮೂಗು ಮುಚ್ಚಿಕೊಳ್ಳಲಿಲ್ಲ. ವಾಸನೆ ಊರಿನವರದು, ತೊಳೆಯುವುದು ಮಾತ್ರ ಅವಳದು.’ ಅತ್ತೆ ಇದನ್ನು ಎರಡು ಸಲ ಓದಿಸಿಕೊಂಡರು.

ನಿಮ್ಮ ಪುಸ್ತಕದಲ್ಲಿ ನನ್ನ ವಿಷಯ ಬರೆಯುವುದಕ್ಕೆ ನನ್ನ ಒಪ್ಪಿಗೆ ಇದೆ. ಅಚ್ಚಾದ ಮೇಲೆ ಒಂದು ಪ್ರತಿ ನಮ್ಮ ಅಂಗಡಿಗೆ ಕಳಿಸಿ. ನಂಬಿಕೆ ಇಲ್ಲ ಅಂತಲ್ಲ. ಪುಸ್ತಕದ ಹೆಸರು, ಪುಟ ಸಂಖ್ಯೆ ಇರಬೇಕು, ಅಷ್ಟೆ.

ಲೇಖಕಿ